ಕಾಲು ಉದ್ದವಾಗುವುದು ಮನೆಯಲ್ಲಿ

ಮೂರು ವರ್ಷಗಳ ಹಿಂದಿನ ಮಾತು. ಒಂದೇ ವಾರದಲ್ಲಿ ಇಬ್ಬರು ನನ್ನ ಚಿಕಿತ್ಸಾಲಯಕ್ಕೆ ಒಂದೇ ಪ್ರಶ್ನೆ ಹಿಡಿದುಕೊಂಡು ಬಂದರು.

ಮೊದಲು ಬಂದವಳು 14 ವರ್ಷದ ಹುಡುಗಿ, ಅಪ್ಪ ಅಮ್ಮನ ಜೊತೆಯಲ್ಲಿ. ಹಸುಗೂಸಾಗಿದ್ದಾಗ ಮೊಣಕಾಲಿನ ಹತ್ತಿರ ಮೂಳೆಗೆ ಸೋಂಕು ತಗುಲಿ ಕೀವಾಗಿತ್ತು. ಕೀವು ವಾಸಿಯಾಯಿತು. ಆದರೆ ಮೂಳೆ ಬೆಳೆಯುವ ಪದರ ಹಾಳಾಗಿ, ಬಲಗಾಲು ಎಡಗಾಲಿಗಿಂತ 5 ಸೆಂಟಿಮೀಟರ್ ಗಿಡ್ಡವಾಗಿಯೇ ಉಳಿಯಿತು. ಬಲಗಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡು ಶಾಲೆಗೆ ಹೋಗುತ್ತಿದ್ದಳು. ಇತ್ತೀಚೆಗೆ ಸೊಂಟನೋವು ಶುರುವಾಗಿತ್ತು. ಪಟ್ಟಣದ ಮೂಳೆ ತಜ್ಞರು ಕಾಲನ್ನು ಉದ್ದ ಮಾಡುವ ಶಸ್ತ್ರಚಿಕಿತ್ಸೆಯ ಸಲಹೆ ಕೊಟ್ಟಿದ್ದರು.

ಎರಡು ದಿನ ಬಿಟ್ಟು ಬಂದವನು 24 ವರ್ಷದ ಯುವಕ. ಬೆಂಗಳೂರಿನಲ್ಲಿ ಕೆಲಸ. ಎತ್ತರ 5 ಅಡಿ 4 ಇಂಚು. ಎರಡು ಕಾಲೂ ಸಮ, ಎರಡೂ ಗಟ್ಟಿ. ಒಬ್ಬನೇ ಬಂದಿದ್ದ. ಎರಡು ಕಡೆ ಹೆಣ್ಣು ನೋಡಲು ಹೋದಾಗ ಎತ್ತರದ ಮಾತು ಬಂದು ಸಂಬಂಧ ಮುರಿದಿತ್ತಂತೆ. "ಮೂರು ಇಂಚು ಸಿಕ್ಕರೆ ಸಾಕು ಸಾರ್. ಮನೆಯಲ್ಲಿ ಇನ್ನೂ ಹೇಳಿಲ್ಲ" ಎಂದ.

ಇಬ್ಬರೂ ಕೇಳಿದ ಪ್ರಶ್ನೆ: ಆಪರೇಷನ್ ಆದ ಮೇಲೆ ಎಷ್ಟು ದಿನಕ್ಕೆ ಮನೆಗೆ ಬರಬಹುದು?

ತೊಂದರೆ ಏನೂ ಆಗದಿದ್ದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬರಬಹುದು. ನಾನು ಹಾಗೆಂದ ಕೂಡಲೇ ಹುಡುಗಿಯ ತಂದೆಯ ಮುಖವೂ ಅರಳಿತು, ಆ ಯುವಕನ ಮುಖವೂ ಅರಳಿತು. ಎಡವಟ್ಟು ಆಗುವುದೇ ಇಲ್ಲಿ. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಮನೆಗೆ ಬರುವುದೆಂದರೆ ಕಷ್ಟ ಮುಗಿಯಿತೆಂದು ಅರ್ಥ. ಇದರಲ್ಲಿ ಮನೆಗೆ ಬಂದ ಮೇಲೆಯೇ ಚಿಕಿತ್ಸೆ ಆರಂಭವಾಗುತ್ತದೆ. ತಜ್ಞರು ಆಸ್ಪತ್ರೆಯಲ್ಲಿ ಮೂಳೆಯನ್ನು ಕತ್ತರಿಸಿ ಚೌಕಟ್ಟು ಕೂರಿಸುತ್ತಾರೆ, ಅಷ್ಟೆ. ಕಾಲು ಉದ್ದವಾಗುವುದು ಮನೆಯಲ್ಲಿ, ಮನೆಯವರ ಕೈಯಲ್ಲಿ.

ನಾನು ಮೂಳೆ ತಜ್ಞನಲ್ಲ, ಊರಿನ ವೈದ್ಯ. ಆದರೆ ಮಧ್ಯರಾತ್ರಿ ಕಾಲು ಜುಮುಗುಟ್ಟಿದಾಗ, ತಂತಿಯ ಸುತ್ತ ಕೀವು ಕಂಡಾಗ, ಮಗು ಊಟ ಬಿಟ್ಟಾಗ ಜನ ಮೊದಲು ತಟ್ಟುವುದು ನಮ್ಮಂಥವರ ಬಾಗಿಲನ್ನೇ. ಈ ವಾರದ ಅಂಕಣವನ್ನು ಆ ಬಾಗಿಲಿನಲ್ಲಿ ನಿಂತು ಬರೆಯುತ್ತಿದ್ದೇನೆ.

ಸೈಬೀರಿಯಾದ ಹಳ್ಳಿ ವೈದ್ಯ

ಕಾಲನ್ನು ಉದ್ದ ಮಾಡುವ ಪ್ರಯತ್ನ ಹಳೆಯದು. ಇಟಲಿಯ ಬೊಲೋನಾ ನಗರದ ಕೊಡಿವಿಲ್ಲ ಎಂಬ ಶಸ್ತ್ರವೈದ್ಯರು 1905ರಲ್ಲೇ ಈ ಬಗ್ಗೆ ಬರೆದಿದ್ದರು. ಆದರೆ ಆಗ ಬಲವಂತದಿಂದ ಎಳೆಯುತ್ತಿದ್ದುದರಿಂದ ಅಪಾಯ ಹೆಚ್ಚಾಗಿತ್ತು. ಇದಕ್ಕೆ ಸರಿಯಾದ ದಾರಿ ತೋರಿಸಿದವರು ಗವ್ರಿಲ್ ಇಲಿಜಾರೊವ್ (1921-1992). 1944ರಲ್ಲಿ ವೈದ್ಯಕೀಯ ಪದವಿ ಪಡೆದು, ಸೈಬೀರಿಯಾದ ಕುರ್ಗಾನ್ ಪ್ರಾಂತ್ಯದ ಹಳ್ಳಿಯೊಂದಕ್ಕೆ ವೈದ್ಯರಾಗಿ ಹೋದವರು. ಯುದ್ಧದಿಂದ ಮರಳಿದ, ಮೂಳೆ ಕೂಡದೆ ನರಳುತ್ತಿದ್ದ ಸೈನಿಕರು ಅವರ ಮುಂದಿದ್ದರು. 1950ರ ದಶಕದ ಆರಂಭದಲ್ಲಿ ಅವರು ಲೋಹದ ಬಳೆಗಳ ಚೌಕಟ್ಟೊಂದನ್ನು ರೂಪಿಸಿದರು. ಸೈಕಲ್ ಚಕ್ರದ ಕಡ್ಡಿಗಳಂತೆ ಬಿಗಿಯಾದ ತಂತಿಗಳು ಬಳೆಯಿಂದ ಹೊರಟು ಚರ್ಮ, ಮಾಂಸ, ಮೂಳೆಗಳನ್ನು ಹಾದು ಆಚೆ ಬದಿಯ ಬಳೆಗೆ ಸೇರುತ್ತವೆ. ಬಳೆಗಳ ನಡುವೆ ತಿರುಪಿನ ಸರಳುಗಳಿರುತ್ತವೆ.

ಅವರು ಕಂಡುಕೊಂಡ ಸತ್ಯ ಸರಳವಾದುದು. ರಕ್ತಸಂಚಾರ ಕೆಡದಂತೆ ಮೂಳೆಯನ್ನು ಕತ್ತರಿಸಿ, ಐದರಿಂದ ಏಳು ದಿನ ಸುಮ್ಮನಿದ್ದು, ಆಮೇಲೆ ಎರಡು ತುಂಡುಗಳನ್ನು ದಿನಕ್ಕೆ 1 ಮಿಲಿಮೀಟರಿನಂತೆ ದೂರ ಸರಿಸುತ್ತ ಹೋದರೆ, ನಡುವಿನ ಜಾಗದಲ್ಲಿ ದೇಹವೇ ಹೊಸ ಮೂಳೆಯನ್ನು ನೇಯುತ್ತದೆ. ಆ ಒಂದು ಮಿಲಿಮೀಟರನ್ನೂ ಒಮ್ಮೆಲೇ ಎಳೆಯಬಾರದು. ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ ತಿರುಗಿಸಬೇಕು. ಅವಸರ ಮಾಡಿದರೆ ಮೂಳೆ ಹುಟ್ಟುವುದಿಲ್ಲ, ನರ ಸ್ನಾಯುಗಳು ಸೊರಗುತ್ತವೆ. ತೀರಾ ನಿಧಾನ ಮಾಡಿದರೆ ಬೇಕಾದಷ್ಟು ಉದ್ದವಾಗುವ ಮೊದಲೇ ಮೂಳೆ ಕೂಡಿಕೊಂಡುಬಿಡುತ್ತದೆ.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್, ಮರುವರ್ಷ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ನುಚ್ಚುನೂರು ಮಾಡಿಕೊಂಡರು. ಹಲವು ಶಸ್ತ್ರಚಿಕಿತ್ಸೆಗಳು ಸೋತ ಮೇಲೆ 1968ರಲ್ಲಿ ಇಲಿಜಾರೊವ್ ಅವರ ಬಳಿ ಹೋದರು. ಕಾಲು ನೆಟ್ಟಗಾಯಿತು, ಮತ್ತೆ ಜಿಗಿತದ ಅಂಗಳಕ್ಕೂ ಇಳಿದರು. ಆದರೆ 1963ರಲ್ಲಿ ಸ್ಥಾಪಿಸಿದ್ದ ತಮ್ಮ 2.28 ಮೀಟರ್ ದಾಖಲೆಯನ್ನು ಮತ್ತೆ ಮುಟ್ಟಲಿಲ್ಲ. ಈ ಕಥೆಯ ಮೊದಲರ್ಧವನ್ನು ಎಲ್ಲರೂ ಹೇಳುತ್ತಾರೆ. ರೋಗಿಗೆ ಉತ್ತರಾರ್ಧವನ್ನೂ ಹೇಳಬೇಕು.

ಬೆರಳೆಣಿಕೆಯ ಲೆಕ್ಕವಲ್ಲ

ಆ ಹುಡುಗಿಯ ಮನೆಯವರನ್ನು ಕೂರಿಸಿಕೊಂಡು ಕಾಗದದ ಮೇಲೆ ಲೆಕ್ಕ ಬರೆದೆ. ನೀವೂ ಬರೆದು ನೋಡಿ.

5 ಸೆಂಟಿಮೀಟರ್ ಎಂದರೆ 50 ಮಿಲಿಮೀಟರ್. ದಿನಕ್ಕೆ ಒಂದರಂತೆ 50 ದಿನ. ದಿನಕ್ಕೆ ನಾಲ್ಕು ಸಲದಂತೆ 200 ಸಲ ತಿರುಪು ತಿರುಗಿಸಬೇಕು. ಮೊದಲಿನ ಒಂದು ವಾರ ಸೇರಿದರೆ ಎರಡು ತಿಂಗಳು. ಅಲ್ಲಿಗೆ ಉದ್ದವಾಗುವ ಕೆಲಸ ಮುಗಿಯಿತು. ಆದರೆ ಆಗ ನಡುವಿನ ಮೂಳೆ ಇನ್ನೂ ಎಳಸು, ಮೈಭಾರ ಹೊರಲಾರದು. ಅದು ಗಟ್ಟಿಯಾಗಲು ಎಳೆಯಲು ಹಿಡಿದ ಕಾಲದ ಎರಡರಷ್ಟು, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಒಟ್ಟಿನಲ್ಲಿ ಒಂದು ಸೆಂಟಿಮೀಟರಿಗೆ ಒಂದರಿಂದ ಒಂದೂವರೆ ತಿಂಗಳು ಚೌಕಟ್ಟು ಕಾಲಿನ ಮೇಲಿರುತ್ತದೆಂದು ತಿಳಿಯಬಹುದು. ಮಕ್ಕಳಲ್ಲಿ ತುಸು ಬೇಗ, ವಯಸ್ಸಾದವರಲ್ಲಿ ತಡ. 5 ಸೆಂಟಿಮೀಟರಿಗೆ ಐದರಿಂದ ಏಳೆಂಟು ತಿಂಗಳು.

ಚೌಕಟ್ಟು ತೆಗೆದ ದಿನವೂ ಕೊನೆಯ ದಿನವಲ್ಲ. ಹೊಸ ಮೂಳೆ ಆಗಲೂ ಮುರಿಯಬಲ್ಲದು. ಆದ್ದರಿಂದ ಕೆಲವು ವಾರ ಪಟ್ಟಿಯೋ ಆಸರೆಯೋ ಬೇಕಾಗುತ್ತದೆ. ಆಮೇಲೆ ಸೆಟೆದ ಕೀಲುಗಳು ಸಡಿಲವಾಗಿ, ಬಡಕಲಾದ ಸ್ನಾಯು ತುಂಬಿಕೊಂಡು, ನಡಿಗೆ ಹದಕ್ಕೆ ಬರುವ ಹೊತ್ತಿಗೆ ಒಂದು ವರ್ಷ ಸುಲಭವಾಗಿ ಕಳೆಯುತ್ತದೆ. ಓಡುವುದು, ಜಿಗಿಯುವುದು ಅದರ ಆಚೆಯ ಮಾತು.

ಹುಡುಗಿಯ ತಾಯಿ ಎಲ್ಲವನ್ನೂ ಕೇಳಿ, "ಅಂದ್ರೆ ಇನ್ನೊಂದು ಬಾಣಂತನ ಅನ್ನಿ ಡಾಕ್ಟ್ರೇ" ಎಂದರು. ಎಷ್ಟು ಸರಿಯಾದ ಮಾತು! ಆಕೆ ಅದೇ ಲೆಕ್ಕದಲ್ಲಿ ಮನೆ ಸಜ್ಜು ಮಾಡಿಕೊಂಡರು.

ಮನೆ ಹೇಗೆ ಸಜ್ಜಾಗಬೇಕು?

ನಮ್ಮ ಮನೆಗಳು ನೆಲದ ಮೇಲಿನ ಬದುಕಿಗೆ ಕಟ್ಟಿದವು. ಊಟಕ್ಕೆ ಚಕ್ಕಳಮಕ್ಕಳ, ಶೌಚಕ್ಕೆ ಕುಕ್ಕರುಗಾಲು, ಮಲಗಲು ಚಾಪೆ. ಬಳೆ ಚೌಕಟ್ಟು ಹೊತ್ತ ಕಾಲಿಗೆ ಈ ಮೂರೂ ಆಗದು. ಮಂಚ ಬೇಕು, ಗಟ್ಟಿ ಕುರ್ಚಿ ಬೇಕು, ಕಮೋಡ್ ಇಲ್ಲದಿದ್ದರೆ ನಡುವೆ ತೂತಿರುವ ಕುರ್ಚಿಯನ್ನಾದರೂ ತರಬೇಕು. ಬಚ್ಚಲಿನಲ್ಲಿ ಜಾರದಂತೆ ಚಾಪೆ, ಗೋಡೆಗೆ ಹಿಡಿಕೆ ಇರಲಿ. ಹೊಸ್ತಿಲು ದಾಟುವುದನ್ನು, ಮೆಟ್ಟಿಲು ಹತ್ತುವುದನ್ನು ಊರುಗೋಲು ಹಿಡಿದು ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿಸುವುದು ಒಳ್ಳೆಯದು. ಬಟ್ಟೆಯೂ ಬದಲಾಗಬೇಕು. ಅಗಲ ಲಂಗ, ಪಂಚೆ, ಅಥವಾ ಪಕ್ಕದಲ್ಲಿ ಬಿಚ್ಚಿ ದಾರ ಕಟ್ಟಿದ ಪೈಜಾಮ ಅನುಕೂಲ.

ತಂತಿಗಳು ಚರ್ಮವನ್ನು ಹೊಕ್ಕ ಜಾಗಗಳನ್ನು ದಿನವೂ ನೋಡಬೇಕು. ಒರೆಸುವ ಕ್ರಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬೇರೆಯಿರುತ್ತದೆ. ನಿಮಗೆ ಕಲಿಸಿದ ಕ್ರಮವನ್ನೇ ಹಿಡಿಯಿರಿ. ಎಲ್ಲ ಕ್ರಮಗಳಿಗೂ ಸಾಮಾನ್ಯವಾದ ಮಾತೆಂದರೆ, ಸೋಪಿನಿಂದ ಚೆನ್ನಾಗಿ ಕೈ ತೊಳೆಯದೆ ಮುಟ್ಟಬಾರದು, ಒಂದು ತಂತಿಗೆ ಒರೆಸಿದ ಹತ್ತಿಯನ್ನು ಇನ್ನೊಂದಕ್ಕೆ ಬಳಸಬಾರದು. ಅರಿಶಿನ, ಎಣ್ಣೆ, ಬೂದಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ಪ್ರೀತಿಯಿಂದ ಹಚ್ಚುವ ಅಜ್ಜಿಯರ ಮನಸ್ಸು ನೋಯಿಸದೆ ಇದನ್ನು ತಿಳಿಹೇಳಿ.

ತಂತಿಯ ಸುತ್ತ ಸ್ವಲ್ಪ ಕೆಂಪಾಗುವುದು, ನೀರು ಜಿನುಗುವುದು ಈ ಚಿಕಿತ್ಸೆಯಲ್ಲಿ ಬಹಳ ಸಾಮಾನ್ಯ. ಹೆಚ್ಚಿನವು ಆರೈಕೆ ಮತ್ತು ವೈದ್ಯರು ಬರೆದುಕೊಡುವ ಔಷಧಿಯಿಂದ ವಾಸಿಯಾಗುತ್ತವೆ. ಆದರೆ ಅಲಕ್ಷ್ಯ ಮಾಡಿದರೆ ಸೋಂಕು ಮೂಳೆಗೆ ಇಳಿಯುತ್ತದೆ.

ಮೂಳೆ ಒಪ್ಪಿದರೂ ಸ್ನಾಯು ಒಪ್ಪದು

ಮೂಳೆ ಉದ್ದವಾಗಲು ಒಪ್ಪುತ್ತದೆ. ಅದರ ಸುತ್ತಲಿನ ಸ್ನಾಯುಗಳು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಬಿಗಿಯಾದ ಹಗ್ಗದಂತೆ ಅವು ಕೀಲುಗಳನ್ನು ಎಳೆಯುತ್ತವೆ. ಮೊಣಕಾಲಿನ ಕೆಳಗಿನ ಮೂಳೆಯನ್ನು ಉದ್ದ ಮಾಡುವಾಗ ಮೀನಖಂಡ ಬಿಗಿದು ಹಿಮ್ಮಡಿ ಮೇಲಕ್ಕೇಳುತ್ತದೆ, ಮೊಣಕಾಲು ಮಡಿಚಿಕೊಂಡೇ ಇರಲು ನೋಡುತ್ತದೆ. ತೊಡೆಯ ಮೂಳೆಯಾದರೆ ಮೊಣಕಾಲು ಸೆಟೆದು ಮಡಿಚಲು ಬಾರದಾಗುತ್ತದೆ.

ಇದಕ್ಕೆ ಔಷಧಿಯಿಲ್ಲ. ಇರುವುದು ದಿನವೂ ಮಾಡಬೇಕಾದ ವ್ಯಾಯಾಮ. ಫಿಸಿಯೋಥೆರಪಿಸ್ಟರು ವಾರಕ್ಕೆ ಕೆಲವು ಸಲ ಬಂದುಹೋಗಬಹುದು. ಉಳಿದ ಹೊತ್ತಿನಲ್ಲಿ ಮನೆಯವರೇ ಮಾಡಿಸಬೇಕು. ಪಾದವನ್ನು ಮುಖದ ಕಡೆಗೆ ಎಳೆದು ಹಿಡಿಯುವುದು, ಮೊಣಕಾಲನ್ನು ನೆಟ್ಟಗೆ ಚಾಚಿ ಒತ್ತುವುದು, ಮಡಿಚುವುದು, ಇವನ್ನು ದಿನಕ್ಕೆ ಹಲವು ಸಲ, ಕಲಿಸಿಕೊಟ್ಟ ರೀತಿಯಲ್ಲೇ ಮಾಡಬೇಕು. ಮಲಗಿದಾಗ ಮೊಣಕಾಲಿನ ಕೆಳಗೆ ದಿಂಬು ಇಡಬೇಡಿ. ಹಿತವೆನ್ನಿಸುತ್ತದೆ ನಿಜ, ಆದರೆ ಕಾಲು ಆ ಮಡಿಕೆಯಲ್ಲೇ ನಿಂತುಬಿಡುತ್ತದೆ. ಮಾಲೀಶು ಮಾಡುವವರನ್ನು ಕರೆಸಿ ಕಾಲು ತಿಕ್ಕಿಸುವುದಂತೂ ಬೇಡವೇ ಬೇಡ.

ಬಳೆ ಚೌಕಟ್ಟು ಗಟ್ಟಿಯಾದುದರಿಂದ ಅನೇಕರಿಗೆ ಊರುಗೋಲಿನ ಸಹಾಯದಿಂದ ಕಾಲೂರಿ ನಡೆಯಲು ತಜ್ಞರೇ ಹೇಳುತ್ತಾರೆ. ಮೈಭಾರ ಬಿದ್ದಷ್ಟೂ ಹೊಸ ಮೂಳೆ ಗಟ್ಟಿಯಾಗುತ್ತದೆ. ಆದರೆ ಎಷ್ಟು ಭಾರ, ಎಂದಿನಿಂದ ಎಂಬುದನ್ನು ಎಕ್ಸ್‌ರೇ ನೋಡಿದವರೇ ಹೇಳಬೇಕು. ಪಕ್ಕದ ಮನೆಯವರ ಮಗ ನಡೆದನೆಂದು ನಿಮ್ಮ ಮಗ ನಡೆಯಬೇಕಾಗಿಲ್ಲ.

ತಟ್ಟೆಯಲ್ಲಿ ಏನಿರಬೇಕು?

ಗಾಯವಿದ್ದವರಿಗೆ ಬದನೆಕಾಯಿ ನಂಜು, ಬೇಳೆ ನಂಜು, ಮೊಟ್ಟೆ ನಂಜು ಎಂದು ಒಂದೊಂದಾಗಿ ತಟ್ಟೆಯಿಂದ ತೆಗೆಯುವ ರೂಢಿ ನಮ್ಮಲ್ಲಿದೆ. ಕೊನೆಗೆ ಉಳಿಯುವುದು ಅನ್ನ, ತಿಳಿಸಾರು. ದಿನಕ್ಕೊಂದು ಮಿಲಿಮೀಟರ್ ಮೂಳೆ ಕಟ್ಟುತ್ತಿರುವ ದೇಹಕ್ಕೆ ಇದಕ್ಕಿಂತ ಅನ್ಯಾಯವಿಲ್ಲ. ಬೇಳೆ, ಮೊಳಕೆ ಕಾಳು, ಹಾಲು, ಮೊಸರು, ರಾಗಿ, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸ ಎಲ್ಲವೂ ಬೇಕು. ವಿಟಮಿನ್ 'ಡಿ' ಕೊರತೆಯಿದ್ದರೆ ಮೊದಲೇ ಪರೀಕ್ಷಿಸಿ ಸರಿಪಡಿಸಿಕೊಳ್ಳಬೇಕು. ದಿನವೂ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಕೂರಿಸಿ.

ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಪೂರ್ತಿ ನಿಲ್ಲಬೇಕು. ತಂಬಾಕು ರಕ್ತನಾಳಗಳನ್ನು ಕಿರಿದಾಗಿಸಿ ಮೂಳೆ ಕೂಡುವುದನ್ನು ತಡಮಾಡುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದೂ ಸಲ್ಲದು. ಕೆಲವು ಬಗೆಯ ನೋವಿನ ಮಾತ್ರೆಗಳು ಮೂಳೆ ಬೆಳೆಯುವುದಕ್ಕೆ ಅಡ್ಡಿಯಾಗಬಹುದು. ಯಾವುದು, ಎಷ್ಟು ಎಂದು ವೈದ್ಯರನ್ನೇ ಕೇಳಿ.

ಎರಡನೆಯ ತಿಂಗಳ ಅಳು

ಆ ಹುಡುಗಿಯ ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ನಾಲ್ಕು ಗೀಟು ಎಳೆಯುತ್ತಿದ್ದರು. ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 10. ಮೊದಲ ಕೆಲವು ವಾರ ಹುಡುಗಿಯೇ ಎಣಿಸುತ್ತಿದ್ದಳು. ನೂರು ಗೀಟು ದಾಟಿದ ಮೇಲೆ ಕ್ಯಾಲೆಂಡರ್ ಕಡೆ ನೋಡುವುದನ್ನು ಬಿಟ್ಟಳು. ರಾತ್ರಿ ನಿದ್ರೆ ಬರುತ್ತಿರಲಿಲ್ಲ. ವ್ಯಾಯಾಮವೆಂದರೆ ಕಿರುಚುತ್ತಿದ್ದಳು. ಒಂದು ದಿನ ತಾಯಿ ನನ್ನ ಮುಂದೆ ಕುಳಿತು, "ನಾನೇ ನನ್ನ ಮಗಳಿಗೆ ನೋವು ಕೊಡ್ತಾ ಇದೀನಿ ಅನ್ನಿಸ್ತದೆ" ಎಂದು ಅತ್ತರು.

ಇಂಥ ದಿನ ಬಂದೇ ಬರುತ್ತದೆ. ಸ್ನಾಯುಗಳ ಬಿಗಿತ ಹೆಚ್ಚುವುದು, ನಿದ್ರೆಗೆಟ್ಟ ದಣಿವು ಮುತ್ತುವುದು, ನೋಡಲು ಬರುವ ನೆಂಟರು ನಿಲ್ಲುವುದು ಎಲ್ಲವೂ ಒಂದೇ ಹೊತ್ತಿಗೆ ಆಗುತ್ತವೆ. ಮಗು ಹಠಮಾರಿ ಆಯಿತೆಂದು ಬೈಯಬೇಡಿ. ವ್ಯಾಯಾಮಕ್ಕೆ ಮೊದಲು ನೋವಿನ ಔಷಧಿ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಆ ಮನೆಯಲ್ಲಿ ಸಂಜೆಯ ತಿರುಪನ್ನು ತಂದೆ ವಹಿಸಿಕೊಂಡರು. ಶಾಲೆಯ ಗೆಳತಿಯೊಬ್ಬಳು ದಿನ ಬಿಟ್ಟು ದಿನ ನೋಟ್ಸ್ ತಂದುಕೊಟ್ಟು ಒಂದು ಗಂಟೆ ಕುಳಿತು ಹೋಗುತ್ತಿದ್ದಳು. ಆ ಒಂದು ಗಂಟೆ ಯಾವ ಮಾತ್ರೆಗೂ ಕಡಿಮೆಯಿರಲಿಲ್ಲ. ಮಗು ದಿನಗಟ್ಟಲೆ ಮಾತು, ಊಟ ಬಿಟ್ಟರೆ ಅದನ್ನೂ ಕಾಯಿಲೆಯ ಲಕ್ಷಣವೆಂದೇ ತಿಳಿದು ಹೇಳಿಕೊಳ್ಳಿ.

ಕಾಯಬಾರದ ಲಕ್ಷಣಗಳು

ಕೆಲವು ತೊಂದರೆಗಳಿಗೆ ಮುಂದಿನ ಸೋಮವಾರದವರೆಗೆ ಕಾಯಬಾರದು. ಪಾದದ ಬೆರಳುಗಳು ಜೋಮು ಹಿಡಿದರೆ, ಹೆಬ್ಬೆರಳನ್ನು ಮೇಲೆತ್ತಲು ಬಾರದಿದ್ದರೆ, ನರ ಎಳೆತಕ್ಕೆ ಸಿಕ್ಕಿರಬಹುದು. ಕೂಡಲೇ ತಜ್ಞರಿಗೆ ತಿಳಿಸಿ. ತಿರುಪಿನ ವೇಗ ತಗ್ಗಿಸಬೇಕೇ, ನಿಲ್ಲಿಸಬೇಕೇ ಎಂಬುದನ್ನು ಅವರೇ ಹೇಳುತ್ತಾರೆ. ಜ್ವರ ಬಂದು ತಂತಿಯ ಸುತ್ತ ಕೀವು, ಊತ, ಹೆಚ್ಚಿದ ನೋವು ಕಂಡರೆ, ತಂತಿ ಸಡಿಲವಾದರೆ ಅಥವಾ ತುಂಡಾದರೆ, ಅಂದೇ ಹೋಗಬೇಕು. ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುವುದು, ಉಸಿರುಗಟ್ಟುವುದು, ಎದೆನೋವು, ಇವು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ತಡಮಾಡದೆ ತುರ್ತು ಚಿಕಿತ್ಸೆಗೆ ಓಡಬೇಕು. ತಿರುಪು ತಿರುಗಿಸಲು ಇದ್ದಕ್ಕಿದ್ದಂತೆ ಬಿಗಿಯಾದರೆ ಬಲ ಹಾಕಬೇಡಿ, ಮೂಳೆ ಬೇಗ ಕೂಡಿಕೊಂಡಿರಬಹುದು. ಎಳೆಯುವ ಅವಧಿಯಲ್ಲಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಎಕ್ಸ್‌ರೇ ತೆಗೆಯುವುದು ಇಂಥವನ್ನು ಹಿಡಿಯಲೆಂದೇ. "ಚೆನ್ನಾಗೇ ಇದೆಯಲ್ಲ" ಎಂದು ಒಂದು ಭೇಟಿಯನ್ನೂ ತಪ್ಪಿಸಬಾರದು.

ಒಳಗಿನ ಸರಳು ಬಂದಿದೆಯಲ್ಲ?

ಈಚೆಗೆ ಹೊರಗಿನ ಬಳೆಗಳ ಬದಲು ಮೂಳೆಯ ಕೊಳವೆಯೊಳಗೇ ಕೂರಿಸುವ ಸರಳುಗಳಿವೆ. ಹೊರಗಿನಿಂದ ಅಯಸ್ಕಾಂತದ ಯಂತ್ರ ಹಿಡಿದರೆ ಸರಳು ತಾನೇ ಉದ್ದವಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2011ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮಾಂಸ ಹಾದುಹೋಗುವ ತಂತಿಗಳಿಲ್ಲದ್ದರಿಂದ ಅವುಗಳ ಸೋಂಕಿನ ಕಾಟ ತಪ್ಪುತ್ತದೆ, ಬಟ್ಟೆ ನಿದ್ರೆ ಸುಲಭ. ಇದು ದೊಡ್ಡ ಸಮಾಧಾನವೇ ಸರಿ.

ಆದರೆ ಜಾಹೀರಾತಿನಲ್ಲಿ ಹೇಳದ ಮಾತುಗಳಿವೆ. ಸರಳು ಒಳಗಿದ್ದರೂ ಮೂಳೆ ಬೆಳೆಯುವ ವೇಗ ಅದೇ ದಿನಕ್ಕೊಂದು ಮಿಲಿಮೀಟರಿನ ಆಸುಪಾಸು. ಸ್ನಾಯುಗಳ ಹಠವೂ ಅದೇ, ವ್ಯಾಯಾಮವೂ ಅಷ್ಟೇ. ಮೂಳೆ ಗಟ್ಟಿಯಾಗುವವರೆಗೆ ಪೂರ್ತಿ ಭಾರ ಹಾಕುವಂತಿಲ್ಲ. ಖರ್ಚು ಬಹಳ ಹೆಚ್ಚು. ಆಮೇಲೆ ಸರಳು ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕು. ಪೂರ್ತಿ ಭಾರ ಹೊರಬಲ್ಲುದೆಂದು ಬಂದ ಉಕ್ಕಿನ ಸರಳೊಂದನ್ನು, ಸುತ್ತಲಿನ ಮೂಳೆಯಲ್ಲಿ ಬದಲಾವಣೆಗಳು ಕಂಡುಬಂದುದರಿಂದ 2021ರಲ್ಲಿ ತಯಾರಕರೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಹೊಸದೆಂದ ಮಾತ್ರಕ್ಕೆ ಸುಲಭವೆಂದು ಬಗೆಯಬಾರದು.

ಎತ್ತರದ ಆಸೆ

ಈಗ ಆ ಯುವಕನ ವಿಷಯ. ಮೂರು ಇಂಚು ಎಂದರೆ ಏಳೂವರೆ ಸೆಂಟಿಮೀಟರ್. ಅದೂ ಎರಡು ಕಾಲಿಗೆ. ಒಂದು ಕಾಲು ಚಿಕಿತ್ಸೆಯಲ್ಲಿದ್ದರೆ ಇನ್ನೊಂದು ಕಾಲು ಆಸರೆಯಾಗುತ್ತದೆ. ಎರಡೂ ಏಕಕಾಲಕ್ಕೆ ಕತ್ತರಿಸಿಕೊಂಡವನಿಗೆ ಆಸರೆ ಯಾವುದು? ಇದನ್ನೆಲ್ಲ ಹೇಳಿ, ತಂದೆಯನ್ನು ಕರೆದುಕೊಂಡು ಬಾರಪ್ಪ ಎಂದೆ. ತಲೆಯಾಡಿಸಿ ಹೋದ.

ಏಳು ತಿಂಗಳ ಮೇಲೆ ಅವನನ್ನು ಅವನ ತಂದೆಯೇ ಆಟೋದಲ್ಲಿ ಕರೆತಂದರು. ದೂರದ ಊರೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. ಕಂಪನಿ ಕೆಲಸದ ಮೇಲೆ ಹೊರಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ. ತಿರುಪು ತಪ್ಪದೆ ತಿರುಗಿಸಿದ್ದ. ವ್ಯಾಯಾಮ ಮಾಡಿಸುವವರು ಯಾರೂ ಇರಲಿಲ್ಲ, ನೋವಿಗೆ ಹೆದರಿ ಅವನೂ ಬಿಟ್ಟಿದ್ದ. ಎರಡು ಹಿಮ್ಮಡಿಗಳೂ ನೆಲ ಮುಟ್ಟುತ್ತಿರಲಿಲ್ಲ. ತುದಿಗಾಲಿನಲ್ಲಿ, ಗೋಡೆ ಹಿಡಿದು ನಿಂತು ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಎತ್ತರ ಬಂತು ಸಾರ್, ನಡಿಗೆ ಹೋಯ್ತು."

ಕತ್ತರಿಸಿದವರ ಕೈ ಸರಿಯಿಲ್ಲವೆಂದು ನಾನು ಹೇಳುತ್ತಿಲ್ಲ. ಮೂಳೆ ಸರಿಯಾಗಿಯೇ ಕೂಡುತ್ತಿತ್ತು. ಆದರೆ ಚೇತರಿಕೆಗೆ ಬೇಕಾದ ಮನೆ ಇರಲಿಲ್ಲ. ಹಿಮ್ಮಡಿಯ ಸ್ನಾಯುರಜ್ಜುವನ್ನು ಉದ್ದ ಮಾಡುವ ಇನ್ನೊಂದು ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕಾಯಿತು. ಈಗ ನಡೆಯುತ್ತಾನೆ. ಓಡುವುದಿಲ್ಲ. ಹಳೆಯ ಕೆಲಸ ಹೋಗಿ ಬೇರೆ ಕೆಲಸ ಸಿಕ್ಕಿದೆ.

ಇದು ಅವನೊಬ್ಬನ ಕಥೆಯಲ್ಲ. 2016ರಲ್ಲಿ ಹೈದರಾಬಾದಿನಲ್ಲಿ ಯುವಕನೊಬ್ಬ ಮನೆಯವರಿಗೆ ತಿಳಿಸದೆ ಎತ್ತರಕ್ಕಾಗಿ ಇಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ತಂದೆತಾಯಿ ಆಸ್ಪತ್ರೆಗೆ ಬಂದು ಪ್ರತಿಭಟಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಚೀನಾದಲ್ಲಿ ಎತ್ತರದ ಹುಚ್ಚಿಗೆ ಇದು ಹಬ್ಬಿ ಅನೇಕರು ತೊಂದರೆಗೊಳಗಾದ ಮೇಲೆ, 2006ರಲ್ಲಿ ಅಲ್ಲಿನ ಸರ್ಕಾರ ಕೇವಲ ಎತ್ತರಕ್ಕಾಗಿ ಕಾಲು ಉದ್ದ ಮಾಡುವುದನ್ನು ನಿಷೇಧಿಸಿತು.

ನಾನು ನಿಷೇಧ ಬೇಕೆನ್ನುವವನಲ್ಲ. ಗಿಡ್ಡವೆಂಬ ಕೊರಗು ಹಗುರವಾದುದೇನಲ್ಲ. ಪ್ರಾಯಕ್ಕೆ ಬಂದವರು ತಮ್ಮ ದೇಹದ ಬಗ್ಗೆ ತಾವು ತೀರ್ಮಾನಿಸಬೇಕು. ಸರಿಯಾದ ತಜ್ಞರ ಕೈಯಲ್ಲಿ, ಪೂರ್ತಿ ಚೇತರಿಕೆಯ ಏರ್ಪಾಡಿನೊಂದಿಗೆ ಮಾಡಿಸಿಕೊಂಡು ತೃಪ್ತಿಯಿಂದ ಇರುವವರೂ ಉಂಟು. ಆದರೆ ಗುಟ್ಟಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಇದಲ್ಲ. ಒಂದು ವರ್ಷ ಹಿಡಿಯುವ ಕೆಲಸವನ್ನು ಒಬ್ಬನೇ ಹೊರಲಾಗದು. ಕಾಲಿನಲ್ಲಿ ದೋಷವೇ ಇಲ್ಲದವನು ಪಣಕ್ಕಿಡುವುದು ಚೆನ್ನಾಗಿರುವ ಎರಡು ಕಾಲುಗಳನ್ನು. ಅಪ್ಪ ಅಮ್ಮಂದಿರಿಗೂ ಒಂದು ಮಾತು. ಹೆಣ್ಣು ಗಂಡು ನೋಡುವ ಚಾವಡಿಯಲ್ಲಿ ಅಳತೆಪಟ್ಟಿ ಹಿಡಿದು ಕೂರುವವರು ನಾವೇ. "ಹುಡುಗ ಒಳ್ಳೆಯವನು, ಆದರೆ ಸ್ವಲ್ಪ ಕುಳ್ಳ" ಎಂದು ನಾವು ನಕ್ಕು ಆಡಿದ ಮಾತು ಎಲ್ಲೋ ಒಬ್ಬ ಮಗನ ಮೂಳೆ ಕತ್ತರಿಸಬಲ್ಲದು.

ಏನಾಗಬೇಕು?

ಯಾರಿಗೆ ಈ ಚಿಕಿತ್ಸೆ ನಿಜಕ್ಕೂ ಬೇಕೋ ಅವರು ಹೆದರಬೇಕಾಗಿಲ್ಲ. ವ್ಯತ್ಯಾಸ 2 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಚಪ್ಪಲಿಯ ಅಟ್ಟೆಯೇ ಸಾಕು. ಅದಕ್ಕಿಂತ ಹೆಚ್ಚಿದ್ದು ಮಗು ಇನ್ನೂ ಬೆಳೆಯುತ್ತಿದ್ದರೆ, ಉದ್ದ ಕಾಲಿನ ಬೆಳವಣಿಗೆಯನ್ನು ಸಕಾಲದಲ್ಲಿ ತಡೆಯುವ ಚಿಕ್ಕ ಶಸ್ತ್ರಚಿಕಿತ್ಸೆಯೂ ಇದೆ. ಅದರ ಕಾಲ ಮೀರಿಹೋಗುವ ಮೊದಲೇ ತಜ್ಞರಿಗೆ ತೋರಿಸಬೇಕು. ದೊಡ್ಡ ವ್ಯತ್ಯಾಸಕ್ಕೆ ಮಾತ್ರ ಕಾಲು ಉದ್ದ ಮಾಡುವ ಮಾತು.

ಮಾಡಿಸುವುದೆಂದು ನಿಶ್ಚಯಿಸಿದರೆ ಆಸ್ಪತ್ರೆಯವರನ್ನು ಮೂರು ಪ್ರಶ್ನೆ ಕೇಳಿ. ಮೊದಲನೆಯದು, ಮನೆಗೆ ಹೋದ ಮೇಲಿನ ಪ್ರತಿ ತಿಂಗಳಲ್ಲಿ ಏನೇನಾಗುತ್ತದೆಂದು ಕನ್ನಡದಲ್ಲಿ ಬರೆದುಕೊಡುತ್ತೀರಾ? ಎರಡನೆಯದು, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಮೂರನೆಯದು, ಈಗ ಮೂರನೆಯ ತಿಂಗಳಲ್ಲಿರುವ, ಮಾತಾಡಲು ಒಪ್ಪುವ ರೋಗಿಯೊಬ್ಬರನ್ನು ತೋರಿಸುತ್ತೀರಾ? ಮುಗಿಸಿ ನಗುತ್ತಿರುವವರ ಫೋಟೊ ಎಲ್ಲರ ಬಳಿಯೂ ಇರುತ್ತದೆ. ನೀವು ನೋಡಬೇಕಾದದ್ದು ನಡುದಾರಿಯಲ್ಲಿರುವವರನ್ನು.

ಖರ್ಚಿನ ಲೆಕ್ಕವನ್ನೂ ಹೀಗೆಯೇ ಕೇಳಬೇಕು. ಆಸ್ಪತ್ರೆ ಹೇಳುವ ಮೊತ್ತದಲ್ಲಿ ಪ್ರತಿ ವಾರದ ಬಸ್ಸು, ಆಟೋ, ಎಕ್ಸ್‌ರೇ, ಫಿಸಿಯೋಥೆರಪಿ, ಕೆಲಸ ಬಿಟ್ಟು ಮನೆಯಲ್ಲಿ ಕೂತವರ ಕೂಲಿ ಸೇರಿದೆಯೇ? ಎತ್ತರಕ್ಕಾಗಿ ಮಾಡಿಸುವುದಾದರೆ ಆರೋಗ್ಯ ವಿಮೆಯಿಂದ ಹಣ ಬರುತ್ತದೆಂದು ನಂಬಿಕೊಳ್ಳಬೇಡಿ. ಸೌಂದರ್ಯಕ್ಕಾಗಿ ಮಾಡಿಸುವ ಚಿಕಿತ್ಸೆಯನ್ನು ವಿಮೆಗಳು ಹೊರಗಿಡುತ್ತವೆ. ಇನ್ನು ಅಂಗವಿಕಲ ಮಗುವಿಗೆ ಚಿಕಿತ್ಸೆ ಮಾಡಿಸುವ ಯಾವುದೇ ಯೋಜನೆಯಾಗಲಿ, ಶಸ್ತ್ರಚಿಕಿತ್ಸೆಯ ದಿನಕ್ಕೆ ಕೈತೊಳೆದುಕೊಂಡರೆ ಅರ್ಧ ಕೆಲಸ ಮಾಡಿದಂತೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಸಿಗುವುದು, ಶಾಲೆ ಹಾಜರಾತಿಯಲ್ಲಿ ರಿಯಾಯಿತಿ ಕೊಡುವುದು, ಇವೂ ಚಿಕಿತ್ಸೆಯೇ. ಇವಕ್ಕೆ ಹಣ ಮತ್ತು ಮನಸ್ಸು ಎರಡನ್ನೂ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಗೆ ಆ ಹುಡುಗಿಯ ಮಾತು. ಚೌಕಟ್ಟು ಏಳು ತಿಂಗಳು ಇತ್ತು. ಎರಡು ಸಲ ತಂತಿಯ ಸುತ್ತ ಸೋಂಕಾಯಿತು. ಒಂದು ವರ್ಷ ಶಾಲೆ ತಪ್ಪಿತು. ಕಾಲಿನ ಮೇಲೆ ಸುತ್ತಲೂ ತಂತಿಯ ಕಲೆಗಳಿವೆ, ನೆಲದ ಮೇಲೆ ಚಕ್ಕಳಮಕ್ಕಳ ಕೂರಲು ಇನ್ನೂ ತುಸು ಕಷ್ಟ. ಆದರೆ ದಪ್ಪ ಅಟ್ಟೆಯ ಚಪ್ಪಲಿ ಹೋಗಿದೆ, ಸೊಂಟನೋವು ಹೋಗಿದೆ. ಕಳೆದ ತಿಂಗಳು ಕಾಲೇಜಿಗೆ ಸೇರಿದ ಸಿಹಿ ಕೊಡಲು ಬಂದಿದ್ದಳು. ಪೇಟೆಯ ಅಂಗಡಿಯಲ್ಲಿ ಎಲ್ಲರೂ ಕೊಳ್ಳುವಂಥ, ಒಂದು ಜೊತೆ ಸಾಧಾರಣ ಚಪ್ಪಲಿ ಹಾಕಿಕೊಂಡಿದ್ದಳು. ಒಳಗೆ ಬರುವಾಗ ಅದನ್ನು ಬಾಗಿಲಲ್ಲಿ ಬಿಟ್ಟು, "ನೋಡಿ ಡಾಕ್ಟ್ರೇ, ಎರಡೂ ಒಂದೇ ಥರ" ಎಂದು ನನಗೆ ತೋರಿಸಿದಳು.

ಅವಳ ತಾಯಿ ಆ ಹಳೆಯ ಕ್ಯಾಲೆಂಡರನ್ನು ಇನ್ನೂ ಎಸೆದಿಲ್ಲವಂತೆ. ಇನ್ನೂರು ಗೀಟುಗಳೂ ಅದರಲ್ಲಿವೆ.